ಲ್ಯಾಬ್ ಅಣ್ಣ ತೂಗಿಕೊಟ್ಟ ಉಪ್ಪು

ಹೋದ ತಿಂಗಳು ಮೊಮ್ಮಗಳು ಉಗುರಿನ ಬಣ್ಣ ಅಳಿಸಲು ಬಾಟಲಿ ತೆರೆದಳು. ಅಸಿಟೋನ್. ರೂಮಿನ ತುಂಬ ಆ ತಣ್ಣನೆಯ, ಮೂಗು ಕೊರೆಯುವ ವಾಸನೆ. ಅವಳಿಗೆ ಅದು ನೇಲ್ ಪಾಲಿಷ್ ರಿಮೂವರ್. ನನಗೆ ಸೇಲಂನ ಕಾಲೇಜು, ಕೆಮಿಸ್ಟ್ರಿ ಲ್ಯಾಬು, ಅಲ್ಲಿನ ಅಟೆಂಡರ್...

ಅವರನ್ನು ನಾವೆಲ್ಲ ಲ್ಯಾಬ್ ಅಣ್ಣ ಅನ್ನುತ್ತಿದ್ದೆವು. ದಿನಾ ಮೊರಪ್ಪೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದರು. ಮಿಕ್ಕವರ ಜೊತೆ ತಮಿಳು. ನಾನು ಮನೆಯಲ್ಲಿ ಕನ್ನಡ ಆಡುವ ನೇಕಾರರ ಬೀದಿಯ ಹುಡುಗಿ ಎಂದು ಗೊತ್ತಾದ ಮೇಲೆ ನನ್ನ ಜೊತೆ ಮಾತ್ರ ಕನ್ನಡ. "ಏನಮ್ಮಣಿ, ಉಂಡ್ಯಾ?" ಎಂದು ಎಲ್ಲರೆದುರೇ ಕೇಳುವರು. ಕಾನ್ವೆಂಟಿನಲ್ಲಿ ಓದಿದವಳು ನಾನು. "ಯೆಸ್, ಥ್ಯಾಂಕ್ ಯೂ" ಎಂದು ಮುಖ ತಿರುಗಿಸುತ್ತಿದ್ದೆ. "ಇಂಗ್ಲಿಷ್ನಾಗೆ ಉಂಡ್ರೆ ಒಟ್ಟೆ ತುಂಬ್ತೈತಾ?" ಎಂದು ನಗುವರು.

ಎಂ.ಎಸ್ಸಿ. ಪ್ರಾಜೆಕ್ಟಿಗೆ ನನ್ನದು ಸಾಲ್ವಾಲಿಸಿಸ್. ಟರ್ಷಿಯರಿ ಬ್ಯುಟೈಲ್ ಕ್ಲೋರೈಡನ್ನು ಅಸಿಟೋನ್ ಬೆರೆಸಿದ ನೀರಿಗೆ ಹಾಕಿದರೆ ಅದರ ಕ್ಲೋರೈಡ್ ತಾನಾಗಿ ಕಳಚಿಕೊಳ್ಳುತ್ತದೆ, ಆ ಜಾಗಕ್ಕೆ ನೀರು ಬಂದು ಕೂರುತ್ತದೆ. ಆಗ ಹುಟ್ಟುವ ಆಸಿಡ್ಡನ್ನು ಆಗಾಗ ಅಳೆದು ವೇಗ ಕಂಡುಹಿಡಿಯಬೇಕು. ಅಡಿಗೆಯ ಉಪ್ಪೇ ಆದ ಸೋಡಿಯಂ ಕ್ಲೋರೈಡ್ ಕರಗಿಸಿದರೆ ವೇಗ ಇಳಿಯಬೇಕು, ನೀರಿನಲ್ಲಿ ಕ್ಲೋರೈಡ್ ಹೆಚ್ಚಾದಷ್ಟೂ ಅದು ಬಿಟ್ಟುಹೋದ ಜಾಗಕ್ಕೆ ವಾಪಸ್ ಬರುತ್ತದೆ ಎಂದು ನಮ್ಮ ಹೆಡ್ ಮ್ಯಾಡಂ ಹೇಳಿದ್ದರು. ನನ್ನದು ಏರಿತು. ಸ್ವಲ್ಪವೇ, ಆದರೆ ಮೂರು ಸಲವೂ.

"ಉಪ್ಪು ತೂಗಿದ್ದು ಯಾರು?" ಎಂದರು ಮ್ಯಾಡಂ.

"ದಿ ಅಟೆಂಡರ್, ಮ್ಯಾಡಂ."

ಸುಳ್ಳಲ್ಲ. ತೂಗುವುದು ನನಗೆ ಬೇಜಾರು, ಅವರಿಗೆ ಬಿಟ್ಟಿದ್ದೆ. ಕಪಾಟಿನಲ್ಲಿ ಉಪ್ಪಿನ ಪಕ್ಕದಲ್ಲೇ ಲಿಥಿಯಂ ಪರ್‌ಕ್ಲೋರೇಟ್ ಎಂಬ ಇನ್ನೊಂದು ಬಿಳಿ ಲವಣ ಇತ್ತು. ಕಳಚಿಕೊಂಡ ಎರಡು ತುಂಡುಗಳು ಒಮ್ಮೆಗೇ ದೂರ ಹೋಗುವುದಿಲ್ಲ, ಅಯಾನ್ ಪೇರ್ ಆಗಿ ಹತ್ತಿರವೇ ಇರುತ್ತವೆ, ಎಷ್ಟೋ ಮತ್ತೆ ಕೂಡಿಕೊಳ್ಳುತ್ತವೆ. ಈ ಲವಣ ನಡುವೆ ನುಗ್ಗಿ ಕೂಡದಂತೆ ಮಾಡಬಲ್ಲದು, ವೇಗ ಏರುತ್ತದೆ. ಅಣ್ಣ ಆ ಬಾಟಲಿಯನ್ನೇ ತೆಗೆದಿದ್ದಾರೆ ಎಂದು ಮ್ಯಾಡಂ ತೀರ್ಮಾನಿಸಿ ಮೆಮೊ ಕೊಟ್ಟರು. ಅವರದು ಟೆಂಪರರಿ ಕೆಲಸ. ಪರ್ಮನೆಂಟ್ ಮಾಡುವ ಫೈಲು ಆಗ ಮ್ಯಾಡಂ ಮೇಜಿನ ಮೇಲೇ ಇತ್ತು.

ಅಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ. ಸೀಲ್ ಒಡೆಯದ ಉಪ್ಪಿನ ಬಾಟಲಿ ತಂದಿಟ್ಟರು. "ನೀನೇ ಒಡಿ, ನೀನೇ ತೂಗು. ನಾನು ಮುಟ್ಟಾಕಿಲ್ಲ" ಎಂದು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೈಕಟ್ಟಿ ಕೂತರು. ಸಂಜೆಯ ರೈಲು ತಪ್ಪಿಸಿಕೊಂಡರು.

ವೇಗ ಮತ್ತೆ ಏರಿತು.

ಲೈಬ್ರರಿಯಲ್ಲಿ ಹುಡುಕಿದ ಮೇಲೆ ತಿಳಿಯಿತು. ಮ್ಯಾಡಂ ಹೇಳಿದ ನಿಯಮ ಬೇರೆ ಕ್ಲೋರೈಡುಗಳದ್ದು. ನನ್ನದರಲ್ಲಿ ಕ್ಲೋರೈಡ್ ವಾಪಸ್ ಬರುವಷ್ಟು ಹೊತ್ತು ನೀರು ಕಾಯುವುದೇ ಇಲ್ಲ. ಅದರ ಮೇಲೆ, ಉಪ್ಪು ಕರಗಿದ ನೀರಿನಲ್ಲಿ ಚಾರ್ಜ್ ಇರುವ ತುಂಡುಗಳು ಬೇರೆಯಾಗುವುದು ಸಲೀಸು. ಉಪ್ಪು ಸರಿ, ತೂಕ ಸರಿ, ಅಣ್ಣನೂ ಸರಿ.

"ಒಂದ್ ಮಾತು ಮ್ಯಾಡಂಗೆ ಏಳ್ಬುಡಮ್ಮಣಿ" ಅಂದರು. "ಶೂರ್" ಅಂದೆ.

ಥೀಸಿಸ್‌ನಲ್ಲಿ ಚೆನ್ನಾಗಿಯೇ ಬರೆದೆ, ಗ್ರಾಫ್ ಸಮೇತ. ಮ್ಯಾಡಂ ಓದಿ "ಗುಡ್" ಎಂದು ಸೈನ್ ಹಾಕಿದರು. ಮೆಮೊ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವೈವಾ ಹತ್ತಿರವಿತ್ತು, ಮಾರ್ಕ್ಸ್ ಅವರ ಕೈಯಲ್ಲಿತ್ತು. ಆಮೇಲೆ ಹೇಳೋಣ ಅಂದುಕೊಂಡೆ... ಫೈಲು ವಾಪಸ್ ಹೋಯಿತು. ನಾನು ಕಾಲೇಜು ಬಿಡುವಾಗಲೂ ಅವರು ಟೆಂಪರರಿಯೇ.

ಮೊನ್ನೆ ಮೊರಪ್ಪೂರಿಗೆ ಹೋಗಿಬಂದೆ. ಸ್ಟೇಷನ್ ಹತ್ತಿರ ವಿಚಾರಿಸಿದ್ದಕ್ಕೆ ಮನೆ ತೋರಿಸಿದರು. ಅಣ್ಣ ಹೋಗಿ ಎಷ್ಟೋ ವರ್ಷವಾಗಿದೆ. ಮಗಳಿದ್ದಾಳೆ, ಅವಳಿಗೂ ತಲೆ ನರೆತಿದೆ. ಟೀ ಕೊಟ್ಟಳು. ಅಪ್ಪ ಉಪ್ಪಿನ ಬಾಟ್ಲಿ ಅದಲುಬದಲು ಮಾಡಿ ಕೊಟ್ಟುಬಿಟ್ಟರಂತೆ, ಅದಕ್ಕೇ ಪರ್ಮನೆಂಟ್ ಆಗಲಿಲ್ಲವಂತೆ, ಅಮ್ಮ ಸಾಯೋವರೆಗೂ ಆಡಿಕೊಳ್ಳುತ್ತಿದ್ದಳು ಎಂದು ತಾನಾಗಿಯೇ ಹೇಳಿದಳು.

ನಾನು ಕನ್ನಡದಲ್ಲೇ ಹೇಳಿದೆ. ಬಾಟಲಿ ಬದಲಾಗಿರಲಿಲ್ಲ, ತಪ್ಪು ನಮ್ಮದು ಎಂದೆ.

ಅವಳು ಲೋಟ ಕೆಳಗಿಟ್ಟಳು.

"ಅಪ್ಪನೂ ಅಂಗೇ ಏಳ್ತಿತ್ತು" ಅಂದಳು. "ನಾವೇ ನಂಬ್ಲಿಲ್ಲ."