ಅವ್ವನ ದನಿ ಯಾವ ಡಿಸ್ಕಿನಲ್ಲಿ

ಬೊರಿವಲಿಯ ಒಂದು ಮನೆಗೆ ಹೊಸ ಕಂಪ್ಯೂಟರ್ ಜೋಡಿಸಿಕೊಡಲು ಹೋಗಿದ್ದೆ. ಧಾರವಾಡ ಕಡೆಯ ಗಂಡ ಹೆಂಡತಿ. ಮದುವೆ ವಿಡಿಯೊ ಎಡಿಟಿಂಗ್ ಅವರ ಕಸುಬು. ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದವು: ಚಿಕ್ಕದು ವೇಗದ್ದು, ದೊಡ್ಡದು ನಿಧಾನದ್ದು.

“ಎರಡೂ ಕೂಡಿಸಿ ಒಂದ ಮಾಡ್ರಿ,” ಅಂದರು ಗಂಡ. “ದಿನಾ ಬಳಸೋ ಫೈಲ್ ವೇಗದ್ದರಾಗ, ಉಳಿದದ್ದು ಇನ್ನೊಂದ್ರಾಗ. ಮಷಿನ್ ತಾನ ನೋಡ್ಕೋತೈತಿ.”

“ಮಾಡಬಹುದು. ಆದರೆ ಒಂದು ಕೆಟ್ಟರೆ ಎರಡರಲ್ಲಿರುವುದೂ ಹೋಗುತ್ತದೆ,” ಎಂದೆ.

“ಹಂಗಾರ ಬ್ಯಾರೆ ಬ್ಯಾರೆನ ಇರ್ಲಿ,” ಎಂದರು ಹೆಂಡತಿ. “ನಮ್ಮವ್ವ ಮಾತಾಡಿದ್ದು ಒಂದು ರೆಕಾರ್ಡಿಂಗ್ ಐತಿ. ಅದನ್ನ ವೇಗದ್ದರಾಗ ಇಡ್ರಿ.” ತಾಯಿ ತೀರಿಕೊಂಡು ಬಹಳ ದಿನವಾಗಿರಲಿಲ್ಲ.

“ಅದನ್ನೇನ ದಿನಾ ಕೇಳ್ತೀಯೇನು?” ಗಂಡ ಕೇಳಿದರು.

“ಇಲ್ಲ. ಕೇಳೂದಿಲ್ಲಂತ ಮಷಿನ್ ಅದನ್ನ ಹಿಂದಕ್ಕ ಸರಿಸೂದು ನನಗ ಬ್ಯಾಡ.”

ಡಿಸ್ಕ್‌ಗಳನ್ನು ಬೇರೆಯಾಗಿಯೇ ಇಟ್ಟೆ. ಹೆಂಡತಿ ಹೇಳಿದಂತೆ ವೇಗದ್ದರಲ್ಲಿ ಫೈಲ್ ಹಾಕಿ, ದೊಡ್ಡದರಲ್ಲೂ ಒಂದು ಪ್ರತಿ ಇಟ್ಟು, ಕೇಳಿಸಿದೆ. “ಅಳಿಯಂದ್ರಿಗೆ ಇನ್ನೊಂದು ಹೋಳಿಗಿ ನೀಡ್ರಿ,” ಎಂದಿತು ವಯಸ್ಸಾದ ದನಿ. ಗಂಡ ಕಿಟಕಿಯ ಕಡೆ ತಿರುಗಿದರು.

“ನೋಡ್ರಿ, ಎಷ್ಟು ಲಗೂನ ಬಂತು!” ಎಂದರು ಹೆಂಡತಿ.

ಅಷ್ಟು ಸಣ್ಣ ಫೈಲ್ ಯಾವ ಡಿಸ್ಕಿನಿಂದಲಾದರೂ ಅಷ್ಟೇ ಬೇಗ ಬರುತ್ತಿತ್ತು. ನಾನು ಹೌದೆಂದೆ.