ಎಡಕ್ಕೆ ಹೊರಳಿದ ಗಂಟು

ಮೊದಲ ಬೆಳಕು ಕಿಟಕಿಗೆ ಬೀಳುವ ಹೊತ್ತಿಗೆ ಗಂಟಕ್ಕ ಮಡಿಲ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂತಾಗಿದೆ. ರೇಷ್ಮೆ ದಾರ ಮುತ್ತಿನೊಳಗೆ ತೂರಿ ಬರುತ್ತದೆ, ಬೆರಳ ಸುತ್ತ ಕುಣಿಕೆಯಾಗುತ್ತದೆ. ಸೂಜಿಯ ಮೊನೆ ಆ ಕುಣಿಕೆಯನ್ನು ಮುತ್ತಿನ ಬುಡದವರೆಗೆ ತಳ್ಳಿ ಬಿಗಿಯುತ್ತದೆ. ಮುತ್ತು, ಗಂಟು, ಮತ್ತೆ ಮುತ್ತು. ಬಾಗಿಲು ಸದ್ದಾದರೆ ಕೈ ನಿಲ್ಲುತ್ತದೆ. ಬಟ್ಟೆಯನ್ನು ಮುತ್ತುಗಳ ಸಮೇತ ಮಡಚಿ ಪೆಟ್ಟಿಗೆಗೆ ಸೇರಿಸಿ, ಯಾರೆಂದು ಕೇಳಿದ ಮೇಲೆಯೇ ಚಿಲಕ ತೆಗೆಯುತ್ತಾರೆ. ಬಂದದ್ದು ಹಾಲಿನವನಾದರೂ ಅಷ್ಟೇ.

“ನಿನ್ನ ನೆರಳು ಹಿಂದೆ ಬಂದ್ರೂ ಯಾಕೆ ಬಂದೆ ಅಂತ ಕೇಳ್ತೀಯ ನೀನು” ಎಂದು ಗಂಡ ನಗುತ್ತಾರೆ. ಗಂಟಕ್ಕ ನಗುವುದಿಲ್ಲ.

ಪೇಟೆಯ ಆಭರಣದಂಗಡಿಗೆ ಬರುವ ಹಳೆಯ ಹಾರಗಳೆಲ್ಲ ಹೊಸ ದಾರ ಕಾಣುವುದು ಈ ಕಿಟಕಿಯ ಪಕ್ಕದಲ್ಲೇ. ಮುತ್ತಿಗೊಂದು ಗಂಟಿದ್ದರೆ ಒಂದಕ್ಕೊಂದು ಉಜ್ಜಿ ಸವೆಯುವುದಿಲ್ಲ. ದಾರ ಹರಿದರೂ ಒಂದೇ ಮುತ್ತು ಉದುರುತ್ತದೆ. ಹಾರ ತೊಟ್ಟವರಿಗೆ ಗಂಟಕ್ಕ ಯಾರೆಂದೇ ತಿಳಿಯದು. ಅದಕ್ಕೆ ಬೇಸರವೂ ಇಲ್ಲ. “ಗಂಟು ಕಣ್ಣಿಗೆ ಬಿತ್ತು ಅಂದ್ರೆ ಕೆಲಸ ಕೆಟ್ಟಿತು ಅಂತಾನೇ ಅರ್ಥ” ಎನ್ನುತ್ತಾರೆ.

ಕಲಿಸಿದ್ದು ಅತ್ತೆ. ಎಲ್ಲ ಹೇಳಿಕೊಟ್ಟ ಆಕೆ, ಕೊಂಡಿಗೆ ಕಟ್ಟುವ ಕೊನೆಯ ಗಂಟು ಬಂದಾಗ ಮಾತ್ರ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಸೊಸೆ ಹಳೆಯ ಹಾರವೊಂದನ್ನು ಕದ್ದು ಬಿಚ್ಚಿ ಅದನ್ನು ಕಲಿತರು. ಆದರೂ ಅತ್ತೆಯನ್ನು ದೂರುವುದಿಲ್ಲ. ವಿದ್ಯೆಯನ್ನು ಪೂರ್ತಿ ಕೊಟ್ಟವರು ಬೀದಿಗೆ ಬೀಳುತ್ತಾರೆಂಬ ಅತ್ತೆಯ ಮಾತು ಇವರ ಮೈಗೂ ಅಂಟಿತ್ತು.

ಹಾಗಾಗಿ, ತಾನು ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ಪಕ್ಕದ ಬೀದಿಯ ಹೊಲಿಗೆಯವಳು ಕಲಿಯಲು ಬಂದಾಗ ಗಂಟಕ್ಕನ ಹುಬ್ಬು ಮೇಲೇರಿತು. ರೇಷ್ಮೆ ಎಲ್ಲಿಂದ ತರುತ್ತೀರಿ ಎಂದು ಕೇಳಿದರೂ ಅನುಮಾನ, ಏನೂ ಕೇಳದೆ ಕೂತರೆ ಇನ್ನೂ ಅನುಮಾನ. ಹುಡುಗಿ ಎಡಚಿ, ಕೈ ಚುರುಕು. ಗಂಟು ಕಲಿಸಿದರು, ಕೊನೆಯ ಗಂಟಿಗೆ ತಾವೂ ಗೋಡೆಯ ಕಡೆ ತಿರುಗಿದರು. ಮಂಡಿನೋವು ಹೆಚ್ಚಾಗಿ ಅಂಗಡಿಗೆ ಹೋಗಿಬರುವ ಕೆಲಸವೂ ಅವಳ ಪಾಲಾದಾಗ ಗಂಟಕ್ಕನಿಗೆ ನಿದ್ದೆಯೇ ಹತ್ತಲಿಲ್ಲ. ಅವಳು ತಡವಾಗಿ ಬಂದ ದಿನ ಚಪ್ಪಲಿಯ ಧೂಳನ್ನೂ ನೋಡುತ್ತಿದ್ದರು.

ಅನುಮಾನ ಸುಳ್ಳಾಗಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಯಜಮಾನರು ತಾವೇ ಬಂದು, ತುಂಬಿದ ಸಭೆಯಲ್ಲಿ ಗಿರಾಕಿಯೊಬ್ಬರ ಕೊರಳಿಂದ ಕೊಂಡಿ ಕಳಚಿ ಬಿದ್ದ ಹಾರವೊಂದನ್ನು ಮುಂದಿಟ್ಟರು. ಇದು ನಿಮ್ಮ ಕೈಯದೇ ತಾನೆ ಎಂದು ಕೇಳಿದರು. ಗಂಟಕ್ಕ ಹಾರವನ್ನು ಬೆಳಕಿಗೆ ಹಿಡಿದರು. ಒಂದೊಂದು ಗಂಟೂ ಅಚ್ಚುಕಟ್ಟು, ಆದರೆ ಎಲ್ಲವೂ ಎಡಕ್ಕೆ ಹೊರಳಿದ್ದವು. ಬಿಚ್ಚಿಕೊಂಡಿದ್ದು ಕೊಂಡಿಯ ಗಂಟು ಮಾತ್ರ. ಗೊತ್ತಿಲ್ಲದವರು ಊಹೆಯಲ್ಲಿ ಕಟ್ಟಿದ್ದು. ಬಾಗಿಲ ಬಳಿ ಹೊಲಿಗೆಯವಳ ಮುಖ ಬಿಳಿಚಿಕೊಂಡಿತ್ತು.

ಕಳ್ಳಿ ಸಿಕ್ಕಿಬಿದ್ದ ಸಮಾಧಾನ ಗಂಟಕ್ಕನಿಗೆ ಒಂದು ಗಳಿಗೆಯೂ ಉಳಿಯಲಿಲ್ಲ. ಬಿಚ್ಚಿಕೊಂಡದ್ದು ತಾವು ಬಚ್ಚಿಟ್ಟ ಗಂಟೇ ಅಲ್ಲವೆ?

“ನಮ್ಮನೆ ಕೈಯೇ” ಎಂದರು. “ಬಿಟ್ಟು ಹೋಗಿ, ಸರಿ ಮಾಡಿ ಕೊಡ್ತೀನಿ.”

ಯಜಮಾನರು ಹೋದ ಮೇಲೆ ಹೊಲಿಗೆಯವಳು ತಾನಾಗಿಯೇ ಹೇಳಿದಳು. “ನೀವು ಅದೊಂದು ಹೇಳಿಕೊಡಲ್ಲ ಅಂತ ಗೊತ್ತಿತ್ತಕ್ಕ. ನನ್ನ ಕೆಲಸ ಅಂಗಡೀಲಿ ಒಪ್ತಾರಾ ನೋಡೋಣ ಅಂತ, ಅವರು ಕೊಟ್ಟ ಹಾರದಲ್ಲಿ ಒಂದನ್ನ ನಮ್ಮನೇಲೇ ಕಟ್ಟಿ, ನಿಮ್ಮ ಹಾರದ ಜೊತೆ ಸೇರಿಸಿಬಿಟ್ಟೆ.”

ಗಂಟಕ್ಕ ಬೈದರು, ಮನಸಾರೆ ಬೈದರು. ಬೈಗುಳ ಮುಗಿದ ಮೇಲೆ ಅವಳನ್ನು ಎದುರಿಗೇ ಕೂರಿಸಿಕೊಂಡರು. ಎಡಚಿಗೆ ಬಲಗೈಯವರ ಕೆಲಸ ಪಕ್ಕದಲ್ಲಿ ಕೂತರೆ ತಿಳಿಯದು. ಎದುರಿಗೆ ಕೂತರೆ ಕನ್ನಡಿ ನೋಡಿದಂತೆ. ದಾರ ಕೊಂಡಿಯನ್ನು ಸುತ್ತಿ, ಕೊನೆಯ ಮುತ್ತುಗಳೊಳಗೆ ಹಿಂದಿರುಗಿ, ಎರಡು ಮುತ್ತುಗಳ ನಡುವೆ ಗಂಟಾಗಿ ಮರೆಯಾಗುವುದನ್ನು ಅವಳು ಉಸಿರು ಹಿಡಿದು ನೋಡಿದಳು.

ಈಗ ಕಿಟಕಿಯ ಪಕ್ಕ ಎರಡು ಮಣೆಗಳಿವೆ. ಅವಳ ಮೇಲೆ ನಂಬಿಕೆ ಬಂತೆ ಎಂದು ಕೇಳಿದರೆ ಗಂಟಕ್ಕ ಸೂಜಿಯಿಂದ ಕಣ್ಣೆತ್ತದೆ ಉತ್ತರಿಸುತ್ತಾರೆ: “ನಂಬಿಕೆನಾ? ಸಂಜೆ ಮುತ್ತು ಎಣಿಸದೆ ಅವಳನ್ನ ಕಳಿಸಲ್ಲ. ನನ್ನ ಕಣ್ಣು ಮಂಜಾದ ಮೇಲೆ ಅವಳೇ ಎಣಿಸಲಿ. ಅಷ್ಟೊತ್ತಿಗೆ ಅವಳು ನನಗಿಂತ ಅನುಮಾನದೋಳಾಗಿರಬೇಕು, ಅಷ್ಟೇ ನನ್ನಾಸೆ.”