ಅವ್ವನ ಕೈಗುಣ ಮತ್ತು ರೇಷ್ಮೆ ಮೇಷ್ಟ್ರು

ಮೊನ್ನೆ ಯಾದವಗಿರಿಯ ಅಂಗಡಿಯಲ್ಲಿ ಬೆಲ್ಲಕ್ಕೆಂದು ನಿಂತಿದ್ದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಬೆಲ್ಲವನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಪಾಪ, ಆ ಮುದುಕರದೇನೂ ತಪ್ಪಿಲ್ಲ. ನನಗೆ ನೆನಪಾದವರು ರೇಷ್ಮೆ ಮೇಷ್ಟ್ರು. ಸತ್ತವರನ್ನು ಯಾಕಮ್ಮ ಬೈತೀಯ ಎಂದು ಮಗಳು ಗದರುತ್ತಾಳೆ. ಬೈಯುತ್ತೇನೆ, ಏನೀಗ?

ನಮ್ಮೂರು ಹೂಟಗಳ್ಳಿ ಆಗ ಕಾರ್ಖಾನೆ ಗೀರ್ಖಾನೆ ಇಲ್ಲದ ಹಳ್ಳಿ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಹೋಗಿದ್ದ. ಅವ್ವ ರೇಷ್ಮೆ ಹುಳು ಸಾಕಿಯೇ ನನ್ನನ್ನೂ ಸಾಕಿದಳು. ಅವಳ ಕೈಗುಣದ ಮೇಲೆ ಊರಿಗೆಲ್ಲ ನಂಬಿಕೆ. ಯಾರ ಮನೆಯಲ್ಲಿ ಮೊಟ್ಟೆಯೊಡೆದು ಹುಳು ಬಂದರೂ ಮೊದಲ ಹಿಪ್ಪುನೇರಳೆ ಸೊಪ್ಪು ಉದುರಿಸಲು ಅವಳೇ ಬರಬೇಕು. ಗಂಡ ಸತ್ತವಳು ಎಂದು ಮದುವೆಗೆ, ಸೀಮಂತಕ್ಕೆ ಹತ್ತಿರ ಸೇರಿಸದ ಜನ, ಹುಳುಮನೆಗೆ ಮಾತ್ರ ಮುತ್ತೈದೆಯರನ್ನು ಬಿಟ್ಟು ಅವ್ವನನ್ನು ಕರೆಯುತ್ತಿದ್ದರು. ಅವಳಿಗೆ ಇದ್ದದ್ದು ಅದೊಂದೇ ಮರ್ಯಾದೆ.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ, ಗೂಡು ಕಟ್ಟುವ ತನಕ, ಹೊರಗಿನವರು ನಮ್ಮ ಹುಳುಮನೆಯ ಹೊಸಿಲು ದಾಟುವಂತಿರಲಿಲ್ಲ. ನಾನೂ ಬೂದಿ ಹಚ್ಚಿ ಕೈ ತೊಳೆದೇ ಒಳಗೆ ಹೋಗಬೇಕು. ಯಾಕವ್ವ ಎಂದರೆ, “ನಮ್ಮವ್ವ ಅಂಗೇ ಮಾಡ್ತಿದ್ಲು. ಬಾಯ್ಮುಚ್ಕೊಂಡು ತೊಳ್ಕೊ” ಎನ್ನುತ್ತಿದ್ದಳು.

ಮೇಷ್ಟ್ರು ಮೈಸೂರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಕರೀ ಕೋಟು, ಸರಿಗೆ ಪೇಟ. ಹುಳು ಸಾಕುವವರಿಗೆ ಹೊಸ ರೀತಿ ಕಲಿಸಲೆಂದು ಸರ್ಕಾರ ಕಳಿಸಿದ ಜನ. ಸುಳ್ಳು ಯಾಕೆ ಹೇಳಲಿ, ರೋಗವಿಲ್ಲದ ಮೊಟ್ಟೆ ತಂದುಕೊಟ್ಟವರೂ ಅವರೇ. ಆದರೆ ಹಳ್ಳಿಯವರೆಂದರೆ ತಲೆಯಲ್ಲಿ ಏನೂ ಇಲ್ಲದವರು ಎಂದೇ ಅವರ ಲೆಕ್ಕ. ಮಾತಿಗೆ ಮುಂಚೆ ಒಂದು ಚಿಟಿಕೆ ನಶ್ಯ, ಮಾತಾದ ಮೇಲೆ ಇನ್ನೊಂದು ಚಿಟಿಕೆ.

ಆ ದಿನ ಊರವರನ್ನೆಲ್ಲ ನಮ್ಮ ಅಂಗಳದಲ್ಲಿ ಕೂಡಿಸಿ ಪಾಠ ಶುರು ಮಾಡಿದರು. ಒಳಗೆ ಹುಳು ನಾಲ್ಕನೇ ಜ್ವರ ಎದ್ದು ಗಬಗಬ ತಿನ್ನುತ್ತಿದ್ದವು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಒಳಕ್ಕೆ ಬ್ಯಾಡಿ ಸ್ವಾಮಿ. ಇಲ್ಲಿಂದ್ಲೇ ನೋಡ್ಬುಡಿ. ಬರೋದೇ ಆದ್ರೆ ಕೈ ತೊಳ್ಕಂಡು ಬನ್ನಿ.”

“ನಂಗೆ ಕೈ ತೊಳೆಯೋದು ಕಲಿಸ್ತೀಯೇನಮ್ಮ?” ಮೇಷ್ಟ್ರು ಜನರ ಕಡೆ ತಿರುಗಿ ನಕ್ಕರು. “ನೋಡಿದ್ರೇನ್ರಪ್ಪ, ಇದಕ್ಕೇ ಮೌಢ್ಯ ಅನ್ನೋದು.”

ಜನರೂ ನಕ್ಕರು. ಅವ್ವ ಪಕ್ಕಕ್ಕೆ ಸರಿದಳು. ಮೇಷ್ಟ್ರು ನಶ್ಯ ಏರಿಸಿ, ಬೆರಳನ್ನು ಪಂಚೆಗೆ ಒರೆಸಿಕೊಂಡು ಒಳಗೆ ಹೋದರು. ಸೊಪ್ಪು ಹೇಗೆ ಹರಡಬೇಕೆಂದು ತೋರಿಸಲು ಹುಳು ಸಾಕುವ ಒಂದೊಂದು ಬಿದಿರು ತಟ್ಟೆಗೂ ತಾವೇ ಕೈಯಾರೆ ಸೊಪ್ಪು ಹಾಕಿದರು. ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು. ಘಾಟಿಗೆ ನನಗೆ ಸೀನು ಬಂತು…

ಸಂಜೆಯ ಹೊತ್ತಿಗೆ ಹುಳುಗಳು ತಲೆ ಎತ್ತಿ ಎತ್ತಿ ಆಡಿಸತೊಡಗಿದವು. ಬಾಯಿಂದ ಕಂದು ನೀರು ಕಾರಿದವು. ಬೆಳಗಾಗುವುದರೊಳಗೆ ಒಂದು ತಟ್ಟೆಯಲ್ಲೂ ಜೀವವಿರಲಿಲ್ಲ. ಅವ್ವ ಅಳಲಿಲ್ಲ. ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿ ತಿಪ್ಪೆಯ ಪಕ್ಕ ಗುಂಡಿ ತೋಡಿ ಮುಚ್ಚಿದಳು.

ಮುಂದಿನ ವಾರ ಮೇಷ್ಟ್ರು ಬಂದರು. ಖಾಲಿ ತಟ್ಟೆಗಳನ್ನು ನೋಡಿದರು, ಏನೇನಾಯಿತು ಎಂದು ಕೇಳಿದರು. ತಲೆ ಆಡಿಸಿದವು, ನೀರು ಕಾರಿದವು ಎಂದಾಗ, ತೆಗೆಯಹೊರಟಿದ್ದ ನಶ್ಯದ ಡಬ್ಬಿಯನ್ನು ಮತ್ತೆ ಜೇಬಿಗೆ ಇಳಿಸಿದರು. ಆಮೇಲೆ ಅಂಗಳಕ್ಕೆ ಬಂದು ಎಲ್ಲರಿಗೂ ಕೇಳುವ ಹಾಗೆ, “ಶುಚಿ ಇಲ್ಲದ ಮನೇಲಿ ಹೀಗೇ ಆಗೋದು. ನೋಡಿ ಕಲಿತ್ಕೊಳ್ಳಿ” ಎಂದರು.

ಅವರ ಕೈಯಿಂದ ನಶ್ಯದ ವಾಸನೆ ಬರುತ್ತಿತ್ತು ಎಂದು ನಾನು ಅವ್ವನಿಗೆ ಹೇಳಿದೆ. “ಓದಿದೋರನ್ನ ಅಂಗನ್ಬಾರ್ದು ಕಣೆ. ನನ್ ಕೈಯೇ ಕೆಟ್ಟೋಯ್ತು, ಬುಡು” ಎಂದಳು. ಅಂದಿನಿಂದ ಯಾರೂ ಅವಳನ್ನು ಹುಳುಮನೆಗೆ ಕರೆಯಲಿಲ್ಲ. ಎದುರು ಮನೆಯವಳು ಹುಳು ಬಂದ ದಿನ ಅವ್ವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವ್ವ ತಟ್ಟೆಗಳನ್ನು ಅಟ್ಟಕ್ಕೆ ಹಾಕಿ, ಕಂಡವರ ಹೊಲದಲ್ಲಿ ಕಳೆ ಕೀಳಲು ಹೋದಳು. ಬಿಡುವಾದಾಗ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು… ಆ ಕೈಯ ಬಗ್ಗೆ ಅನುಮಾನ ಇಟ್ಟುಕೊಂಡೇ ಸತ್ತಳು.

ನನಗೆ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ಒಂದು ದಸರೆಯಲ್ಲಿ ವಸ್ತುಪ್ರದರ್ಶನಕ್ಕೆ ಹೋಗಿದ್ದೆ. ರೇಷ್ಮೆಯ ಮಳಿಗೆಯಲ್ಲಿ ಅದೇ ಮೇಷ್ಟ್ರು, ತಲೆ ನರೆತಿತ್ತು. ರೈತರಿಗೆ ಕರಪತ್ರ ಹಂಚುತ್ತಾ ಹೇಳುತ್ತಿದ್ದರು: “ನಶ್ಯ, ಹೊಗೆಸೊಪ್ಪು ಮುಟ್ಟಿದ ಕೈಲಿ ಸೊಪ್ಪು ಹಾಕಿದ್ರೆ ಹುಳು ತಲೆ ಆಡಿಸಿ ಸಾಯ್ತವೆ ಕಣ್ರಪ್ಪ. ಹೂಟಗಳ್ಳೀಲಿ ಕಣ್ಣಾರೆ ಕಂಡಿದೀನಿ.”

ಜನರನ್ನು ಸರಿಸಿಕೊಂಡು ಮುಂದೆ ಹೋದೆ.

“ಹೂಟಗಳ್ಳೀಲಿ ಯಾರ ಕೈ ಸ್ವಾಮಿ ಅದು?”

ಅವರು ನನ್ನನ್ನು ನೋಡಿದರು. ಗುರುತು ಹತ್ತಿತು, ನನಗೆ ಗೊತ್ತು. ಕೈ ಮೆಲ್ಲಗೆ ಕೋಟಿನ ಜೇಬಿಗೆ ಇಳಿಯಿತು. “ಯಾರದೋ ಕಣಮ್ಮ… ಹಳೇ ಮಾತು” ಎಂದು ಇನ್ನೊಬ್ಬ ರೈತನ ಕಡೆ ತಿರುಗಿಬಿಟ್ಟರು. ಅವ್ವ ಹೋಗಿ ಆಗಲೇ ಮೂರು ವರ್ಷವಾಗಿತ್ತು.

ನಮ್ಮ ಮನೆಯಲ್ಲಿ ಕಲಿತದ್ದನ್ನು ಈ ಮನುಷ್ಯ ಅಚ್ಚು ಹಾಕಿಸಿ ಊರೂರಿಗೆ ಹಂಚಿದರು. ನಮ್ಮ ಮನೆಗೆ ಬಂದು ಒಂದು ಮಾತು ಹೇಳಲು ಮಾತ್ರ ಅವರ ಸೈಕಲ್ಲು ಓಡಲಿಲ್ಲ.

ಬೆಲ್ಲ ಬಿಟ್ಟು ಬಂದ ಆ ದಿನ ಅಂದು ಮಳಿಗೆಯಿಂದ ತಂದಿಟ್ಟಿದ್ದ ಕರಪತ್ರವನ್ನು ಪೆಟ್ಟಿಗೆಯ ತಳದಿಂದ ತೆಗೆದೆ. ಮಡಿಕೆಯಲ್ಲಿ ಹರಿದಿದೆ. ಗೋಡೆಯ ಮೇಲಿನ ಅವ್ವನ ಪಟದ ಮುಂದೆ ಕೂತು, ಓದಲು ಬಾರದಿದ್ದ ಅವಳಿಗೆ ನಶ್ಯದ ಕೈಯ ಆ ಸಾಲನ್ನು ಗಟ್ಟಿಯಾಗಿ ಓದಿದೆ. ಒಳಗಿನಿಂದ ಮಗಳು, “ಯಾರ ಹತ್ರಮ್ಮ ಮಾತಾಡ್ತಿದೀಯ?” ಎಂದು ಕೂಗಿದಳು.

ಯಾರೂ ಇಲ್ಲ ಎಂದೆ.